ಗೇಟಿಗೊಬ್ಬರು ಬೇಕು

ಆರ್ಲಿಸ್ ಕಿಟಲ್‌ಸನ್ ಕೂತಲ್ಲಿ ಕೂರುವ ಹೆಂಗಸಲ್ಲ. ಇದು ಸಾಲ್ಟ್ ಫೋರ್ಕ್ ಊರಿಗೆಲ್ಲ ಗೊತ್ತಿದ್ದ ಸಂಗತಿ. ಶಾಲೆಯ ಅಡುಗೆಮನೆಯಲ್ಲಿ ಸೌಟು ಹಿಡಿದೇ ಕೂದಲು ನರೆಸಿಕೊಂಡವಳು. ಬೇಸಿಗೆ ರಜೆ ಬಂತೆಂದರೆ ಸೌಟಿಲ್ಲದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುತ್ತಿದ್ದಳು. ಬೇಟೆಗೆ ಹೋದಾಗಲೂ ಅದೇ ಪಾಡು. ಸೇಜ್ ಪೊದೆಯ ಹಿಂದೆ ಉಸಿರು ಬಿಗಿಹಿಡಿದು ಕೂತಿರಬೇಕಾದ ಹೊತ್ತಿನಲ್ಲಿ ಇವಳಿಗೆ ಕಾಲು ಜೋಮು ಹಿಡಿಯುತ್ತಿತ್ತು, ಬೆನ್ನು ಕಡಿಯುತ್ತಿತ್ತು, ಚೀಲದಲ್ಲಿ ಏನೋ ಹುಡುಕಬೇಕಾಗುತ್ತಿತ್ತು. ಅಷ್ಟರಲ್ಲಿ ಹುಲ್ಲೆಗಳು ಬಿಳಿ ಕುಂಡೆ ತೋರಿಸಿ ಮಾಯವಾಗಿರುತ್ತಿದ್ದವು. "ಸುಮ್ನೆ ಕೂರೇ ಮಾರಾಯ್ತಿ," ಎಂದು ಗಂಡ ಡೆಲ್ ತಲೆ ಚಚ್ಚಿಕೊಳ್ಳುತ್ತಿದ್ದ. "ನಿನ್ನ ಕಾಲಿಗೇನು ಚಕ್ರ ಕಟ್ಟಿದ್ದಾರಾ?"

ಆ ಡೆಲ್ ಈಗ ಕಿಟಕಿಯ ಪಕ್ಕದ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಸುತ್ತಲಿನ ಹತ್ತಾರು ರ‍್ಯಾಂಚುಗಳ ನೀರೆತ್ತುವ ಗಾಳಿಯಂತ್ರ ಹತ್ತಿ ಇಳಿದು ರಿಪೇರಿ ಮಾಡುತ್ತಿದ್ದ ಗಂಡಸು. ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಕಾಫಿ ಲೋಟ ಕೈಯಿಂದ ಜಾರಿತು; ಲೋಟದ ಜೊತೆಗೆ ಬಲಗೈಯ ಶಕ್ತಿಯೂ ಹೋಯಿತು, ಮಾತೂ ಹೋಯಿತು. ಕಾಲು ಎಳೆದುಕೊಂಡು ನಡೆಯುವಷ್ಟು ಮಟ್ಟಕ್ಕೆ ಬಂದಿದ್ದ. ಒಂದೆರಡು ಪದ ಹೊರಡುತ್ತಿದ್ದವು, ಅವೂ ಕುಂಟುತ್ತಾ. ಮನೆಯಲ್ಲಿ ಕೂರಿಸಬೇಡಿ, ಹೊರಗೆ ಓಡಾಡಿಸಿ ಎಂದು ಡಾಕ್ಟರು ಹೇಳಿದ್ದರು. ಹೇಳುವುದಕ್ಕೇನು! ಒಂದು ದಿನ ಆರ್ಲಿಸ್ ಹೇಗೋ ಪುಸಲಾಯಿಸಿ ಟ್ರಕ್ಕಿನವರೆಗೂ ಕರೆತಂದಳು. ಎಡಗಡೆಯ ಚಾಲಕನ ಸೀಟಿನಲ್ಲಿ ಅವಳೇ ಹೋಗಿ ಕೂತಳು. ಡೆಲ್ ಈಚೆಯ ಬಾಗಿಲು ಹಿಡಿದು ನಿಂತ, ಖಾಲಿ ಸೀಟನ್ನು ನೋಡಿದ, ಬಾಗಿಲು ಹಾಕಿದ, ಮನೆಯೊಳಕ್ಕೆ ಹೋದ. ಯಾಕೆಂದು ಅವಳಿಗೆ ಬಗೆಹರಿಯಲಿಲ್ಲ.

ಹುಲ್ಲೆ ಬೇಟೆಯ ಯೋಚನೆ ಹೊಳೆದದ್ದು ಆಗಲೇ. ಮದುವೆಯಾದಾಗಿನಿಂದ ಒಂದು ವರ್ಷವೂ ತಪ್ಪಿಸದ ಬೇಟೆ ಅದು. ಬೇಟೆಯ ದಿನ ಕೂಡ ಡೆಲ್ ಎದ್ದು ಟ್ರಕ್ ಹತ್ತದಿದ್ದರೆ ಇನ್ನೆಂದೂ ಹತ್ತುವುದಿಲ್ಲ ಎಂಬ ಭಯ ಅವಳಿಗಿತ್ತು. ಅಷ್ಟು ವರ್ಷ ಅವರು ಬೇಟೆಯಾಡುತ್ತಿದ್ದ ಗೆಳೆಯನ ರ‍್ಯಾಂಚ್ ಮಾರಾಟವಾಗಿ, ಹೊಸ ಯಜಮಾನ ಬೇಲಿಗೆಲ್ಲ ಒಳಬರಬಾರದೆಂಬ ಕಿತ್ತಳೆ ಬಣ್ಣ ಬಳಿದು ದಾರಿ ಮುಚ್ಚಿದ್ದ. ಹೋಗಲಿ, ವಯೋಮಿಂಗಿನಲ್ಲಿ ಸರ್ಕಾರಿ ನೆಲಕ್ಕೇನು ಬರ! ಆರ್ಲಿಸ್ ಯಾರನ್ನೂ ಕೇಳದೆ ತಾನೇ ಒಂದು ವಲಯ ಆರಿಸಿ ಬೇಟೆಯ ಪರವಾನಗಿ ಚೀಟಿಗೆ ಅರ್ಜಿ ಹಾಕಿದಳು. ಚೀಟಿ ಎತ್ತಿದಾಗ ಅವಳ ಹೆಸರು ಮೊದಲ ಸಲಕ್ಕೇ ಬಂತು. ಮೈದುನ ರಾಯ್ಸ್ ಟೈರು ಅಂಗಡಿ ಮುಚ್ಚಿ ಊಟಕ್ಕೆ ಬಂದವನು ಅದನ್ನು ಕೇಳಿ ಕುರ್ಚಿಯಿಂದ ಬೀಳುವಂತೆ ನಕ್ಕ.

"ಅತ್ತಿಗೇ, ಆ ವಲಯದ ಚೀಟಿ ಯಾಕಷ್ಟು ಸುಲಭವಾಗಿ ಸಿಗುತ್ತೆ ಗೊತ್ತಾ? ಯಾರೂ ಕೇಳಲ್ಲ, ಅದಕ್ಕೆ!"

"ಯಾಕೆ ಕೇಳಲ್ಲ? ರಸ್ತೆ ಪಕ್ಕದಲ್ಲೇ ಕುರಿ ಹಿಂಡಿನ ಥರ ನಿಂತಿರ್ತಾವೆ."

"ನಿಂತಿರ್ತಾವೆ. ಯಾರ ನೆಲದಲ್ಲಿ? ಕಾಸಗಿ ನೆಲದಲ್ಲಿ. ನಿನ್ನನ್ನ ನೋಡ್ಕೊಂಡು ಮೆಲುಕು ಹಾಕ್ತಾವೆ."

"ಮ್ಯಾಪಲ್ಲಿ ಹಳದಿ ಎಷ್ಟಿದೆ ನೋಡು ಮೊದಲು. ಹಳದಿ ಅಂದ್ರೆ ಸರ್ಕಾರದ್ದು. ನಂದು, ನಿಂದು, ಎಲ್ಲರದ್ದು."

"ಆ ಹಳದಿಗೆ ಹೋಗೋ ದಾರಿ ತೋರ್ಸು ಮತ್ತೆ."

ಅವಳು ಬೆರಳಿಟ್ಟು ಹುಡುಕಿದಳು. ಹುಡುಕಿದಷ್ಟೂ ಬೆರಳು ನಿಧಾನವಾಯಿತು. ಹಳದಿ ಚೌಕ, ಪಕ್ಕದಲ್ಲಿ ಖಾಸಗಿಯವರ ಬಿಳಿ ಚೌಕ, ಮತ್ತೆ ಹಳದಿ. ಚದುರಂಗದ ಹಾಸಿನ ಹಾಗೆ. ಒಂದು ಹಳದಿಯಿಂದ ಇನ್ನೊಂದಕ್ಕೆ ಮೂಲೆ ತಾಕಿತ್ತೇ ಹೊರತು ಕಾಲಿಡುವಷ್ಟು ಜಾಗವಿರಲಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ಪೂಜಾರಿಗಳೆಲ್ಲ ರ‍್ಯಾಂಚಿನ ಒಡೆಯರು. ಹೊರಗಿನಿಂದ ಬಂದವರು ಮಾಡುವ ತಪ್ಪನ್ನು ಇಲ್ಲೇ ಹುಟ್ಟಿದವಳು ಮಾಡಿದ್ದಳು.

"ಹೆಲಿಕಾಪ್ಟರ್ ಬಾಡಿಗೆಗೆ ತರೋಣ ಬಿಡು," ಎಂದ ರಾಯ್ಸ್. ಆಮೇಲೆ ಅವಳ ಮುಖ ನೋಡಿ ಸ್ವಲ್ಪ ಕರಗಿದ. "ಇಲ್ಲಾಂದ್ರೆ ಈ ವರ್ಷ ನನಗೆ ಒಪ್ಪಿಸು. ಎಲ್ಲಾದ್ರೂ ಒಂದು ಹೊಡೆದು ತಂದು ನಿನ್ನ ಫ್ರೀಜರಿಗೆ ಹಾಕ್ತೀನಿ."

"ಮಾಂಸ ಬೇಕಾಗಿದ್ರೆ ಅಂಗಡಿಗೆ ಹೋಗ್ತಿದ್ದೆ," ಎಂದು ಆರ್ಲಿಸ್ ರೇಗಿದಳು. ರಾಯ್ಸ್ ಕೆಟ್ಟವನಲ್ಲ. ಆದರೆ ಅವನು ಕೈ ಹಾಕಿದ ಮೇಲೆ ಇನ್ನೊಬ್ಬರಿಗೆ ಕೆಲಸ ಉಳಿಯುತ್ತಿರಲಿಲ್ಲ. ಅವನು ಬಂದರೆ ಡೆಲ್ ಇನ್ನಷ್ಟು ಕುರ್ಚಿಗೆ ಅಂಟುತ್ತಾನೆ ಎಂಬುದು ಅವಳಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಕಿಟಕಿಯ ಪಕ್ಕದಲ್ಲಿ ಡೆಲ್ ಇಬ್ಬರ ಮಾತನ್ನೂ ಕೇಳಿಸಿಕೊಳ್ಳುತ್ತಾ ಹೊರಗೆ ನೋಡುತ್ತಿದ್ದ.

ಆ ಜುಲೈ ತಿಂಗಳಿಡೀ ಅವಳು ಟ್ರಕ್ಕಿನಲ್ಲಿ ಅಲೆದಳು. ಅಲೆಯುವುದು ಅವಳಿಗೆ ಕಷ್ಟವಲ್ಲ, ಕೂರುವುದೇ ಕಷ್ಟ. ಮಣ್ಣು ರಸ್ತೆಯ ಧೂಳು ಕುಡಿದು, ದುರ್ಬೀನಿಗೆ ಕಣ್ಣು ಒತ್ತಿ ಒತ್ತಿ ಹುಬ್ಬಿನ ಮೇಲೆ ಕಲೆ ಬಂತು. ಕೊನೆಗೂ ಮನಸ್ಸಿಗೆ ಒಪ್ಪುವ ಜಾಗವೊಂದು ಸಿಕ್ಕಿತು: ಎಚೆವೆರಿಯವರ ರ‍್ಯಾಂಚಿನ ಹಿಂದೆ ಅಗಲವಾದ ಸರ್ಕಾರಿ ನೆಲ, ಅದರಲ್ಲೊಂದು ಒಣ ಹೊಂಡ, ಹೊಂಡದ ಆಚೆಗೆ ಹಳೆಯ ಬೇಲಿ. ಹುಲ್ಲೆಗೆ ಗಾಳಿಯ ವೇಗವಿದ್ದರೂ ಬೇಲಿ ಹಾರುವ ಬುದ್ಧಿಯಿಲ್ಲ, ಮೊಣಕಾಲೂರಿ ನುಸುಳುತ್ತದೆ. ಆ ಬೇಲಿಯ ಕೆಳತಂತಿಗೆ ಒಂದು ಕಡೆ ಬಿಳಿ ಕೂದಲು ಸಿಕ್ಕಿಕೊಂಡಿದ್ದದ್ದು ದುರ್ಬೀನಿನಲ್ಲಿ ಕಂಡಿತು. ಅಲ್ಲಿಯವರೆಗೆ ಟ್ರಕ್ ಹೋಗುತ್ತದೆ. ಡೆಲ್ ಹತ್ತು ಹೆಜ್ಜೆ ನಡೆದರೆ ಸಾಕು. ಆದರೆ ದಾರಿಯಿದ್ದದ್ದು ರ‍್ಯಾಂಚಿನ ಮೂಲಕವೇ.

ಆಗಸ್ಟಿನ ಮೊದಲ ವಾರ ಅವಳು ರೂಬಾರ್ಬ್ ದಂಟಿನ ಸಿಹಿ ಪೈ ಮಾಡಿ ಮುಚ್ಚಿಕೊಂಡು ಹೋಗಿ ಗ್ರಾಸಿಯಾನಾ ಎಚೆವೆರಿಯ ಬಾಗಿಲು ತಟ್ಟಿದಳು. ಗಿಡ್ಡ ಮುದುಕಿ, ತಲೆಯ ಮೇಲೆ ಸತ್ತ ಗಂಡನ ಟೋಪಿ. ಸ್ಪೇನಿನ ಬೆಟ್ಟಗಳಿಂದ ಕುರಿ ಕಾಯಲು ಬಂದ ಬಾಸ್ಕ್ ಮನೆತನ; ಈಗ ದನ, ಮತ್ತು ಕಣ್ಣು ಹಾಯುವಷ್ಟು ನೆಲ.

"ಯಾರ ಪೈಕಿ ನೀನು?"

"ಡೆಲ್ ಕಿಟಲ್‌ಸನ್ ಹೆಂಡ್ತಿ."

"ಗಾಳಿಯಂತ್ರದ ಡೆಲ್? ಹೆಂಗಿದಾನೆ?"

"ಕೂತಿದಾನೆ," ಎಂದಳು ಆರ್ಲಿಸ್.

ಮುದುಕಿ ಪೈಯ ಮೇಲಿನ ಬಟ್ಟೆ ಎತ್ತಿ ಮೂಸಿದಳು. "ಬೇಟೆಯವರು ಬರೋದು ಹಿಂದಿನ ದಿನ ಸಂಜೆ, ಕೈ ಬೀಸ್ಕೊಂಡು. ನೀನು ಇನ್ನೂ ಬೇಸಿಗೆ ಇರೋವಾಗ್ಲೇ ಬಂದಿದೀಯ, ಕೈಯಲ್ಲಿ ಏನೋ ಹಿಡ್ಕೊಂಡು. ಹೋಗು, ನೋಡ್ಕೊಂಡು ಬಾ ನಿನ್ನ ಹುಲ್ಲೆನ. ನಂದು ಒಂದೇ ಕಾನೂನು. ಗೇಟು ಹೆಂಗಿತ್ತೋ ಹಂಗೇ ಬಿಡ್ಬೇಕು."

ಆರ್ಲಿಸ್‌ಗೆ ನಗು ಬಂತು. ಈ ನಾಡಿನಲ್ಲಿ ಹುಟ್ಟಿದವಳಿಗೆ ಗೇಟಿನ ಪಾಠವೇ? ಮುಚ್ಚಿದ್ದರೆ ಮುಚ್ಚು, ತೆರೆದಿದ್ದರೆ ಬಿಡು. ಮಕ್ಕಳಿಗೂ ಗೊತ್ತು.

ಆ ಮಧ್ಯಾಹ್ನ ಅವಳು ಹೊಂಡದವರೆಗೂ ಹೋಗಿಬಂದಳು. ಹುಲ್ಲೆಗಳಿದ್ದವು, ಒಂದಲ್ಲ, ಒಂದು ಹಿಂಡೇ. ಅವುಗಳ ನಡುವೆ ಕಪ್ಪು ಕೆನ್ನೆಯ, ಕವಲೊಡೆದ ಕೊಂಬಿನ ಗಂಡು. ಬೇಲಿಯ ಬಳಿ ಕುರ್ಚಿ ಹಾಕಲು ಸಮತಟ್ಟು ಜಾಗವೂ ಇತ್ತು. ಎಷ್ಟೋ ತಿಂಗಳ ಮೇಲೆ ಅವಳ ಎದೆ ಹಗುರಾಯಿತು. ಡೆಲ್‌ಗೆ ಹೇಳಬೇಕು, ಈಗಲೇ ಹೇಳಬೇಕು ಎಂಬ ಆತುರದಲ್ಲಿ ಟ್ರಕ್ಕು ಕುಲುಕಾಡಿಸಿಕೊಂಡು ಹೊರಟಳು. ದಾರಿಯಲ್ಲಿ ಸಿಕ್ಕ ಗೇಟು ದಾಟಿ, ಇಳಿದು, ತುದಿಗೆ ಗೂಟ ಕಟ್ಟಿದ ತಂತಿ ಗೇಟನ್ನು ಎಳೆದು ತಂದು, ಗೂಟಕ್ಕೆ ಭುಜ ಕೊಟ್ಟು ಕಂಬಕ್ಕೆ ಒತ್ತಿ, ತಂತಿಯ ಉಂಗುರ ಹಾಕಿ ಮುಚ್ಚಿದಳು. ಮುಂದಿನ ಗೇಟೂ ಹಾಗೆಯೇ. ಅದರ ಮುಂದಿನದೂ.

ಸಂಜೆಯ ಊಟದ ಹೊತ್ತಿಗೆ ಬಾಯಿ ಬಿಡುವಿಲ್ಲದೆ ವರ್ಣಿಸಿದಳು. ಡೆಲ್ ಎಡಗೈಯಲ್ಲಿ ಆಲೂಗಡ್ಡೆ ಹಿಸುಕುತ್ತಾ ಕೇಳುತ್ತಿದ್ದ. ಎಷ್ಟೋ ದಿನದ ಮೇಲೆ ಅವನ ಕಣ್ಣು ಅವಳ ಮುಖದ ಮೇಲಿತ್ತು.

"ಮೂರು ಗೇಟು ಡೆಲ್. ಮೊದಲನೇದು ಇಳಿದು ತೆಗೆದೆ, ಮುಚ್ಚಿದೆ. ಎರಡನೇದು ಇಳಿದು ತೆಗೆದೆ, ಮುಚ್ಚಿದೆ. ಮೂರನೇದು…"

ಮೂರನೆಯದಕ್ಕೆ ಅವಳು ಇಳಿದೇ ಇರಲಿಲ್ಲ. ಹೋಗುವಾಗ ಸೀದಾ ಟ್ರಕ್ ಓಡಿಸಿಕೊಂಡು ಹೋಗಿದ್ದಳು. ಗೇಟು ತೆರೆದು ಬೇಲಿಯುದ್ದಕ್ಕೂ ಮಲಗಿತ್ತು. ಬರುವಾಗ ಮುಚ್ಚಿ ಬಂದಿದ್ದಳು.

ತೆರೆದ ಗೇಟೆಂದರೆ ದನಕ್ಕೆ ನೀರಿನ ದಾರಿ. ಆಗಸ್ಟಿನ ಬಿಸಿಲು, ಮೇಯಲು ಬಿಟ್ಟ ದನ ಗೇಟಿನಾಚೆಯ ಒಣ ಬಯಲಲ್ಲಿ, ನೀರಿನ ತೊಟ್ಟಿಯಿರುವುದು ಈಚೆಗೆ.

ಇಂಥ ತಪ್ಪು ಹೇಗಾಯಿತು? ಹೇಗೆಂದರೆ ಹೀಗೆ. ಆ ಸೀಮೆಯಲ್ಲಿ ಟ್ರಕ್ ಗೇಟಿನ ಮುಂದೆ ನಿಂತರೆ ಇಳಿಯುವವರು ಪಕ್ಕದ ಸೀಟಿನವರು. ಹಾಲು ಕುಡಿಯುವ ಕೂಸು, ಹಾಸಿಗೆ ಹಿಡಿದ ಮುದುಕರು, ಇವರನ್ನು ಬಿಟ್ಟು ಯಾರಿಗೂ ವಿನಾಯಿತಿಯಿಲ್ಲ. ಮದುವೆಯಾದಾಗಿನಿಂದ ಓಡಿಸಿದವನು ಡೆಲ್, ಇಳಿದವಳು ಆರ್ಲಿಸ್. "ಮುಚ್ಚು" ಎಂದು ಅವನು ಕೂಗಿದರೆ ಮುಚ್ಚಿದಳು, "ಬಿಡು" ಎಂದರೆ ಬಿಟ್ಟಳು. ಕೈ ಅವಳದು, ಕಣ್ಣು ಅವನದು. ಇವತ್ತು ಕೈ ಮಾತ್ರ ಹೋಗಿತ್ತು.

ತಟ್ಟೆ ಹಾಗೇ ಬಿಟ್ಟು ಅವಳು ಓಡಿದಳು. ಹೊತ್ತು ಮುಳುಗುವ ಮುಂಚೆ ತಲುಪಿದರೂ ದನದ ಕೂಗು ದೂರದಿಂದಲೇ ಕೇಳಿತು. ಗೇಟು ಆಗಲೇ ತೆರೆದಿತ್ತು. ದನಗಳೆಲ್ಲ ತೊಟ್ಟಿಗೆ ಮುಗಿಬಿದ್ದಿದ್ದವು. ಬೇಲಿಯ ಒಂದು ಮಗ್ಗುಲು ನೆಲಕ್ಕೆ ಒರಗಿತ್ತು. ಗ್ರಾಸಿಯಾನಾ ಒಂದು ಕರುವಿನ ಕಾಲಿನಿಂದ ತಂತಿ ಬಿಡಿಸುತ್ತಾ ಬೈಯುತ್ತಿದ್ದಳು.

"ಆ ಕ್ಯಾಂಪರ್ ಗಾಡಿಯ ಪ್ರವಾಸಿಗಳದ್ದೇ ಕೆಲಸ! ಬೆಳಿಗ್ಗೆ ಹಲ್ಲು ಗಿಂಜ್ಕೊಂಡು ಬಂದು ಕೇಳಿದ್ರು, ಬಿಟ್ಟೆ. ನಾಳೆ ಬರ್ಲಿ ಮಾಡ್ತೀನಿ. ಹಿಡಿ ಇದರ ತಲೇನ."

ಆರ್ಲಿಸ್ ಕರುವಿನ ತಲೆ ಹಿಡಿದಳು. ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಕ್ಯಾಂಪರಿನವರು ಯಾರೋ ಎಲ್ಲಿಯವರೋ. ಡೆಲ್‌ನ ಬೇಟೆ ಉಳಿಯುತ್ತಿತ್ತು. ಅವಳು ಸುಮ್ಮನಿರಲು ನೋಡಿದಳು, ನಿಜವಾಗಿ ನೋಡಿದಳು. ಆದರೆ ಸುಮ್ಮನಿರುವುದು ಅವಳಿಗೆ ಯಾವ ಕಾಲಕ್ಕೆ ಬಂದಿತ್ತು?

"ಅವ್ರಲ್ಲ. ನಾನು ಮುಚ್ಚಿದ್ದು."

ಮುದುಕಿಯ ಕೈ ನಿಂತಿತು. "ನೀನಾ? ಇಲ್ಲೇ ಹುಟ್ಟಿದವಳು?"

"ಯಾವಾಗ್ಲೂ ಡೆಲ್ ಹೇಳ್ತಿದ್ದ. ನಾನು ಇಳಿದು ಮಾಡ್ತಿದ್ದೆ ಅಷ್ಟೇ." ಹೇಳುತ್ತಿದ್ದಂತೆಯೇ ಅದೆಷ್ಟು ಪೆದ್ದುಪೆದ್ದಾಗಿದೆ ಎಂದು ಅವಳಿಗೇ ಕೇಳಿಸಿತು. ಕಣ್ಣಲ್ಲಿ ನೀರು ಬಂತು. ನಾಚಿಕೆಗೋ, ಡೆಲ್ ಹೇಳುತ್ತಿದ್ದ ಕಾಲ ಮುಗಿದದ್ದಕ್ಕೋ.

ಗ್ರಾಸಿಯಾನಾ ಕರುವನ್ನು ಎಬ್ಬಿಸಿ ಬಿಟ್ಟಳು. ಅದು ಕುಂಟುತ್ತಾ ತಾಯಿಯ ಕಡೆ ಹೋಯಿತು. "ಬದುಕ್ತು, ನಿನ್ನ ಪುಣ್ಯ. ನಾಳೆ ಬಂದು ಬೇಲಿ ಕಟ್ಟು. ಇನ್ನೊಂದು ಮಾತು. ಅದಾದ್ಮೇಲೆ ಒಬ್ಳೇ ಈ ದಾರೀಲಿ ಕಾಲಿಡ್ಬೇಡ. ಗೇಟಿಗೊಬ್ಬರು ಬೇಕು. ಗೇಟು ಅಂದ್ರೆ ಏನು ಅಂತ ಗೊತ್ತಿರೋರು ಪಕ್ಕದಲ್ಲಿ ಕೂತು ಬಂದ್ರೆ ಬಿಡ್ತೀನಿ. ಇಲ್ಲಾಂದ್ರೆ ನಿನ್ನ ಹುಲ್ಲೆನ ಮ್ಯಾಪಲ್ಲೇ ನೋಡ್ಕೋ."

ಮನೆಗೆ ಬಂದರೆ ರಾಯ್ಸ್ ಅವಳ ತಟ್ಟೆಯ ಆಲೂಗಡ್ಡೆ ಮುಗಿಸುತ್ತಿದ್ದ. ಕಥೆ ಕೇಳಿ ಮೇಜು ಗುದ್ದಿ ಗುದ್ದಿ ನಕ್ಕ. "ಆತುರಗಾರ್ತಿಗೆ ಬುದ್ಧಿ ಮಟ್ಟ! ಸರಿ ಬಿಡು, ಗೇಟಿಗೆ ನಾನು ಬರ್ತೀನಿ. ಬರ್ಲೇಬೇಕಲ್ಲ ಈಗ."

"ಬೇ…ಡ," ಎಂದ ಡೆಲ್.

ಇಬ್ಬರೂ ತಿರುಗಿದರು. ಬೇಟೆಯೇ ಬೇಡವೆನ್ನುತ್ತಿದ್ದಾನೆಂದು ಆರ್ಲಿಸ್‌ಗೆ ಅನಿಸಿತು. ಡೆಲ್ ತಮ್ಮನ ಕಡೆ ಬೆರಳು ತೋರಿಸಿ ತಲೆಯಾಡಿಸಿದ. ಆಮೇಲೆ ಅದೇ ಎಡಗೈಯಿಂದ ತನ್ನ ಎದೆ ತಟ್ಟಿಕೊಂಡ. "ಗೇಟು. ನಾ…ನು."

ಆಗ ಅವಳಿಗೆ ಅರ್ಥವಾಯಿತು. ಆ ದಿನ ಟ್ರಕ್ಕಿನ ಬಾಗಿಲು ಹಿಡಿದು ಅವನು ನೋಡಿದ್ದು ಖಾಲಿ ಸೀಟನ್ನಲ್ಲ. ಆ ಸೀಟಿನ ಕೆಲಸವನ್ನು. ಪಕ್ಕದಲ್ಲಿ ಕೂತು, ಪ್ರತಿ ಗೇಟಿಗೂ ಹೆಂಡತಿ ಓಡಿಸುವುದನ್ನು ಬಿಟ್ಟು ಇಳಿದು ಹೋಗುವುದನ್ನು ಕೂಸಿನ ಹಾಗೆ ನೋಡುತ್ತಿರಬೇಕಲ್ಲ ಎಂದು ಅವನು ಒಳಗೆ ಹೋಗಿದ್ದ. ಅದನ್ನು ಹೇಳಲು ಮಾತಿರಲಿಲ್ಲ. ಮಾತಿದ್ದಿದ್ದರೂ ಡೆಲ್ ಹೇಳುತ್ತಿದ್ದನೇ ಎಂಬುದು ಅನುಮಾನ.

"ಒಂದು ಕೈಯಲ್ಲಿ ತಂತಿ ಗೇಟಾ?" ಎಂದ ರಾಯ್ಸ್. "ಅಣ್ಣಾ, ಎರಡು ಕೈ ಇರೋರಿಗೇ ಹೆರಿಗೆಯಷ್ಟು ಕಷ್ಟ ಆಗುತ್ತೆ."

ಡೆಲ್ ಒಂದು ಬೈಗುಳ ಉದುರಿಸಿದ. ಅಚ್ಚುಕಟ್ಟಾಗಿ, ತೊದಲಿಲ್ಲದೆ ಬಂತು. ಬೈಗುಳಕ್ಕೆ ಮಾತ್ರ ಲಕ್ವ ಹೊಡೆದಿರಲಿಲ್ಲ.

ಮರುವಾರ ರಾಯ್ಸ್ ಗೊಣಗುತ್ತಲೇ ಕೊಟ್ಟಿಗೆಯ ಹಿಂದೆ ಎರಡು ಕಂಬ ನೆಟ್ಟು ತಂತಿ ಗೇಟೊಂದನ್ನು ಕಟ್ಟಿಕೊಟ್ಟ. ಅಂದಿನಿಂದ ಡೆಲ್ ದಿನವೂ ಅಲ್ಲಿಗೆ ಹೋಗತೊಡಗಿದ. ಆರ್ಲಿಸ್ ಆ ಕಡೆ ತಲೆಹಾಕಬಾರದೆಂದು ಕಟ್ಟಾಜ್ಞೆ. ಅವಳು ಅಡುಗೆಮನೆಯಲ್ಲಿ ನಿಂತು, ತೊಳೆದ ಬಾಣಲೆಯನ್ನೇ ಮತ್ತೆ ತೊಳೆಯುತ್ತಾ ಕಿವಿಗೊಡುತ್ತಿದ್ದಳು. ಗೂಟ ಎಳೆಯುವ ಸದ್ದು, ತಂತಿ ಝಣಕ್ ಎಂದು ಕೈತಪ್ಪುವ ಸದ್ದು, ಅದರ ಬೆನ್ನಿಗೇ ಬೈಗುಳ. ಒಮ್ಮೆ ಧೊಪ್ಪನೆ ಬಿದ್ದ ಸದ್ದು. ಅವಳು ಬಾಗಿಲವರೆಗೂ ಓಡಿ, ಬಾಗಿಲ ಹಿಡಿ ಹಿಡಿದು, ಅಲ್ಲೇ ನಿಂತಳು. ಆಮೇಲೆ ಇನ್ನೊಂದು ಬೈಗುಳ ಕೇಳಿತು, ಮೊದಲಿಗಿಂತ ಜೋರಾಗಿ. ಅವಳು ಬಾಣಲೆಗೆ ವಾಪಸು ಬಂದಳು. ಬೇಟೆಯ ದಿನದವರೆಗಿನ ಆ ಆರು ವಾರ ಅವಳು ಪಟ್ಟ ಹಿಂಸೆ ಅವಳಿಗೇ ಗೊತ್ತು. ಗೇಟು ಎಳೆದವನಿಗೂ ಅಷ್ಟಿರಲಿಲ್ಲ.

ಬೇಟೆ ಶುರುವಾಗುವ ದಿನ ಬೆಳಕು ಹರಿಯುವ ಹೊತ್ತಿಗೆ ಡೆಲ್ ಯಾರೂ ಕರೆಯದೆ ಬಂದು ಟ್ರಕ್ಕಿನ ಪಕ್ಕದ ಸೀಟಿನಲ್ಲಿ ಕೂತ. ಟೋಪಿ ಹಾಕಿದ್ದ. ಆರ್ಲಿಸ್ ಏನೂ ಆಗದವಳಂತೆ ಗಾಡಿ ಎಬ್ಬಿಸಿದಳು. ಗ್ರಾಸಿಯಾನಾ ಅಂಗಳದಲ್ಲಿ ನಿಂತಿದ್ದವಳು ಪಕ್ಕದ ಸೀಟನ್ನು ನೋಡಿದಳು, ಒಪ್ಪಿದವಳಂತೆ ಟೋಪಿ ಮುಟ್ಟಿದಳು.

ಮೊದಲ ಗೇಟಿಗೆ ಸರಪಣಿ ಮಾತ್ರ, ಸಲೀಸಾಯಿತು. ಎರಡನೆಯದೂ ಆಯಿತು. ದನಗಳನ್ನು ಕೆಳಗಿನ ಹುಲ್ಲಿಗೆ ಇಳಿಸಿದ್ದರಿಂದ ಮೂರನೆಯದು ಈ ಸಲ ಮುಚ್ಚಿತ್ತು. ಅದನ್ನು ದಾಟಿದರೆ ಸರ್ಕಾರಿ ನೆಲ. ಡೆಲ್ ಇಳಿದು, ಉಂಗುರ ಕಳಚಿ, ಗೇಟು ಎಳೆದು ಪಕ್ಕಕ್ಕೆ ಹಾಕಿದ. ಅವಳು ಟ್ರಕ್ಕನ್ನು ದಾಟಿಸಿ ಸ್ವಲ್ಪ ಮುಂದೆ ನಿಲ್ಲಿಸಿದಳು. ಇನ್ನು ಮುಚ್ಚುವುದು. ತಂತಿ ಗೇಟು ತೆಗೆಯುವುದು ಸುಲಭ, ಕಷ್ಟವೆಲ್ಲ ಮುಚ್ಚುವುದರಲ್ಲಿ.

ಕನ್ನಡಿಯಲ್ಲಿ ಅವನು ಕಾಣುತ್ತಿದ್ದ. ಗೂಟವನ್ನು ಎಡತೋಳಿನಲ್ಲಿ ತಬ್ಬಿ, ಎದೆಯಿಂದ ನೂಕಿ, ಗದ್ದದಿಂದ ಉಂಗುರ ಎಳೆಯಲು ನೋಡುತ್ತಿದ್ದ. ಜಾರಿತು. ಮತ್ತೆ ಹಿಡಿದ. ಗಾಳಿಗೆ ಅವನ ಕೋಟು ಪಟಪಟ ಹೊಡೆದುಕೊಳ್ಳುತ್ತಿತ್ತು. ಮತ್ತೆ ಜಾರಿತು. ಆರ್ಲಿಸ್‌ಳ ಕೈ ತಾನೇ ತಾನಾಗಿ ಬಾಗಿಲ ಹಿಡಿಯ ಮೇಲೆ ಹೋಯಿತು. ಅವಳು ಆ ಕೈಯನ್ನು ಎಳೆದು ತೊಡೆಯ ಕೆಳಗೆ ಇಟ್ಟುಕೊಂಡಳು. ಇನ್ನೊಂದನ್ನೂ ಇಟ್ಟುಕೊಂಡಳು.

ಮುಖ ಮುಂದಕ್ಕೆ ತಿರುಗಿಸಿದಾಗ ಗಂಡು ಹುಲ್ಲೆ ಅಲ್ಲಿ ನಿಂತಿತ್ತು.

ಅದೇ ಕಪ್ಪು ಕೆನ್ನೆ, ಅದೇ ಕವಲುಗೊಂಬು. ಕಲ್ಲೆಸೆದರೆ ಬೀಳುವುದಕ್ಕಿಂತ ಕೊಂಚ ದೂರ, ಹಳದಿ ನೆಲದ ನಡುವೆ. ಹುಲ್ಲೆಗಿರುವಷ್ಟು ಕುತೂಹಲ ಊರಿನ ಅಂಚೆ ಕಚೇರಿಯ ಮುಂದೆ ನಿಲ್ಲುವವರಿಗೂ ಇಲ್ಲ. ಇದ್ಯಾವ ಪ್ರಾಣಿ ಗೂಟದ ಜೊತೆ ಕುಸ್ತಿ ಆಡುತ್ತಿದೆ ಎಂದು ನೋಡಲು ಬಂದಿತ್ತು. ಕೋವಿ ಸೀಟಿನ ಹಿಂದೆಯೇ ಇತ್ತು. ಚೀಟಿ ಜೇಬಿನಲ್ಲಿತ್ತು. ಬಾಗಿಲು ತೆರೆದು, ಮೆಲ್ಲಗೆ ಇಳಿದು, ರಸ್ತೆಯಿಂದ ಆಚೆ ನಾಲ್ಕು ಹೆಜ್ಜೆ ಹೋಗಿ ಮಂಡಿಯೂರಿದರೆ ಆಯಿತು. ಇಡೀ ಬೇಸಿಗೆ ಧೂಳು ಕುಡಿದದ್ದು ಇದಕ್ಕೇ ಅಲ್ಲವೇ?

ಆದರೆ ಬಾಗಿಲು ತೆರೆದ ಸದ್ದು ಕೇಳಿದರೆ ಡೆಲ್ ತಲೆಯೆತ್ತುತ್ತಾನೆ. ಸಹಾಯಕ್ಕೆ ಬಂದಳು ಎಂದುಕೊಳ್ಳುತ್ತಾನೆ. ಗೂಟ ಬಿಟ್ಟುಬಿಡುತ್ತಾನೆ.

ಅವಳು ಕೂತಳು. ಮೈಯೆಲ್ಲ ಇರುವೆ ಹರಿದ ಹಾಗಾಯಿತು, ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳಲಿಲ್ಲ. ಹುಲ್ಲೆ ಗೊರಸು ಬಡಿಯಿತು, ಮೂಗಿನಿಂದ ಫುಸ್ ಎಂದಿತು, ಮತ್ತೂ ನಾಲ್ಕು ಹೆಜ್ಜೆ ಹತ್ತಿರ ಬಂತು. ಹಿಂದೆ ತಂತಿ ಕಿರುಗುಟ್ಟಿತು. ಇನ್ನೊಮ್ಮೆ ಕಿರುಗುಟ್ಟಿತು. ಆಮೇಲೆ ಉಂಗುರ ಗೂಟದ ತಲೆಗೆ ಕೂತ ಸದ್ದು ಟಕ್ ಎಂದು ಕೇಳಿತು. ಆ ಸದ್ದಿಗೆ ಹುಲ್ಲೆಯ ಕುಂಡೆಯ ಬಿಳಿ ಕೂದಲು ಅರಳಿ ನಿಂತಿತು, ಅದು ಬೆನ್ನು ತಿರುಗಿಸಿ, ಧೂಳಿನ ಗೆರೆಯೊಂದನ್ನು ಬಿಟ್ಟು ದಿಣ್ಣೆಯಾಚೆಗೆ ಹಾರಿಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಡೆಲ್ ಬಂದು ಹತ್ತಿ ಕೂತ. ಗದ್ದದ ಮೇಲೆ ತಂತಿ ಗೀರಿದ ರಕ್ತ. ಏದುಸಿರು ನಿಲ್ಲುವವರೆಗೂ ಅವನು ದಿಣ್ಣೆಯ ಕಡೆಯೇ ನೋಡುತ್ತಿದ್ದ.

"ಗಂಡು… ನಿಂತಿತ್ತು," ಎಂದ.

"ನಿಂತಿತ್ತು."

"ಕಂಡ್ತಾ?"

"ಕಾಣ್ದೆ ಏನು? ಕಂಡ್ತು."

ಅವನು ನಿಧಾನವಾಗಿ ಅವಳ ಕಡೆ ತಿರುಗಿದ. ತುಟಿ ಒದ್ದಾಡಿತು. ಪದ ಒಂದೊಂದಾಗಿ, ಒಂದರ ಹಿಂದೊಂದು, ಬೇಲಿಯಡಿ ನುಸುಳಿದ ಹಾಗೆ ಹೊರಬಂದವು. ಲಕ್ವ ಹೊಡೆದ ಮೇಲೆ ಅವನು ಅಷ್ಟುದ್ದ ಮಾತಾಡಿರಲಿಲ್ಲ.

"ಜೀವಮಾನವೆಲ್ಲಾ… ಕೂರೇ, ಕೂರೇ… ಅಂದೆ. ಕೂರ್ಲಿಲ್ಲ. ಇವತ್ತೇ… ಕೂರ್ಬೇಕಿತ್ತಾ… ಕತ್ತೆ?"

ಆರ್ಲಿಸ್ ತೊಡೆಯ ಕೆಳಗಿನಿಂದ ಕೈಗಳನ್ನು ತೆಗೆದಳು. ಜೋಮು ಹಿಡಿದು ಮರಗಟ್ಟಿದ್ದವು. ಅವೇ ಕೈಗಳಲ್ಲಿ ಮುಖ ಮುಚ್ಚಿಕೊಂಡು ಅವಳು ನಕ್ಕಳು, ಅತ್ತಳು, ಯಾವುದು ಎಲ್ಲಿ ಮುಗಿಯಿತೆಂದು ಅವಳಿಗೂ ತಿಳಿಯಲಿಲ್ಲ. ಡೆಲ್ ಮುಂದಿನ ದಾರಿಯತ್ತ ಎಡಗೈ ತೋರಿಸಿ, ಹೊರಡು ಎಂಬಂತೆ ಡ್ಯಾಶ್‌ಬೋರ್ಡ್ ತಟ್ಟಿದ. ದಿಣ್ಣೆಯಾಚೆ ಹೊಂಡವಿತ್ತು, ಬೇಲಿಯಿತ್ತು, ಇಡೀ ದಿನವಿತ್ತು. ಅವಳು ಗಾಡಿ ಎಬ್ಬಿಸಿದಳು.